ಇತರೆ ಕಾಲಂನ ಗೆರೆಗಳು

ಏಳು ದಿನದಿಂದ ಅದೇ ಮುರುಕು ಕುರ್ಚಿ, ಅದೇ ಧೂಳು. ಎಣಿಕೆದಾರನ ಸೊಂಟ ಬಿದ್ದುಹೋಗಿತ್ತು. ರಾಜ್ಯ ಹೆದ್ದಾರಿ ಅಂತ ಫಲಕವೇನೋ ಇತ್ತು, ರಸ್ತೆ ಮಾತ್ರ ದೇವರಿಗೇ ಪ್ರೀತಿ. ಹಾದುಹೋದ ಗಾಡಿಗೊಂದು ಗೆರೆ ಎಳೆಯುವುದು, ಸಂಜೆ ಆರಕ್ಕೆ ಕೂಡಿ ಸಹಿ ಹಾಕುವುದು. ಮೂವತ್ತು ವರ್ಷದಿಂದ ಇದೇ ಕೆಲಸ.

ಪೆಟ್ರೋಲು, ಡೀಸೆಲಿನ ಲೀಟರಿಗಿಷ್ಟು ಎಂದು ಜನರಿಂದಲೇ ಎತ್ತಿ ಕೂಡಿಸಿದ ರಸ್ತೆ ನಿಧಿ ಒಂದಿದೆ. ಅದನ್ನು ಬೇರೆ ಯಾವ ಕೆಲಸಕ್ಕೂ ಮುಟ್ಟುವಂತಿಲ್ಲ. ಒಳ್ಳೆಯದೇ. ಆದರೆ ವಾರಕ್ಕೆ ಮೂರೂವರೆ ಸಾವಿರದ ಎಣಿಕೆ ಬರದ ರಸ್ತೆಗೆ ಅದರಿಂದ ಬಿಡಿಗಾಸೂ ಇಲ್ಲ. ಗುಂಡಿಗೆ ಹೆದರಿ ಗಾಡಿಗಳು ಸುತ್ತು ದಾರಿ ಹಿಡಿದಿವೆ. ಗಾಡಿ ಬರುವುದಿಲ್ಲವೆಂದು ಗುಂಡಿ ಮುಚ್ಚುವುದಿಲ್ಲ. ಎಂಥ ನಿಯಮವೋ, ಮಾಡಿದವರನ್ನೇ ಕೇಳಬೇಕು!

ಅವನ ಸಂಕಟವೇ ಬೇರೆ. ಅಕ್ಕನ ಮನೆ ಈ ರಸ್ತೆಯ ಕೊನೆಗೆ. ಡಯಾಲಿಸಿಸ್‌ಗೆಂದು ಅವಳು ವಾರಕ್ಕೆರಡು ಸಲ ಪೇಟೆಯ ಆಸ್ಪತ್ರೆಗೆ ಹೋಗಬೇಕು, ಇರುವುದೊಂದೇ ಬಸ್ಸು. ಈ ಸಲವೂ ರಸ್ತೆ ರಿಪೇರಿಯ ಪಟ್ಟಿಗೆ ಸೇರದಿದ್ದರೆ ಓಡಿಸುವುದಿಲ್ಲ ಎಂದು ಬಸ್ಸಿನವರು ಹೇಳಿಯಾಗಿತ್ತು.

"ನಾಲ್ಕು ಗೆರೆ ಜಾಸ್ತಿ ಎಳೆದ್ರೆ ನಿನ್ನ ಗಂಟೇನು ಹೋಗುತ್ತೋ?" ಎಂದು ಮೊದಲ ದಿನವೇ ಅಕ್ಕ ಕೇಳಿದ್ದಳು.

"ಬರದೇ ಇರೋ ಗಾಡೀನ ನಾನು ಬರೆಯಲ್ಲ" ಎಂದು ರೇಗಿದ್ದ. ಆಮೇಲೆ ಅವಳು ಆ ಮಾತೆತ್ತಲಿಲ್ಲ. ಅದೇ ಅವನನ್ನು ಕೊರೆಯುತ್ತಿತ್ತು.

ಕೊನೆಯ ದಿನ ಬೆಳಿಗ್ಗೆ ಬಸ್ಸು ಬಂತು. ಅವನ ಕುರ್ಚಿಯೆದುರಿನ ದೊಡ್ಡ ಗುಂಡಿಯ ಹತ್ತಿರ ಕಂಡಕ್ಟರ್ ಎಂದಿನಂತೆ ಎಲ್ಲರನ್ನೂ ಇಳಿಸಿದ. ಜನ ತುಂಬಿದ್ದರೆ ಬಸ್ಸು ಅಲ್ಲಿ ಮೇಲೇಳುವುದಿಲ್ಲ. ಖಾಲಿ ಬಸ್ಸಿನ ಹಿಂದೆ ಜನ ನಡೆದರು. ಅಕ್ಕನೂ ಊದಿದ ಕಾಲೆಳೆಯುತ್ತ ನಡೆದಳು. ಅವನು ಬಸ್ಸಿಗೊಂದು ಗೆರೆ ಎಳೆದ. ಅಷ್ಟೇನಾ? ಹಾಳೆಯ ಕೊನೆಗೆ 'ಇತರೆ' ಅಂತ ಒಂದು ಕಾಲಂ ಇತ್ತು, ಸೈಕಲ್ಲು ಕೈಗಾಡಿಗಳನ್ನು ಬರೆಯುವ ಜಾಗ. 'ರಸ್ತೆಯಲ್ಲಿ ಹಾದುಹೋದ ಬೇರೆ ಏನೇ ಆದರೂ' ಎಂದಿತ್ತು ಸೂಚನೆ. ಅದೂ ಒಟ್ಟು ಎಣಿಕೆಗೇ ಸೇರುತ್ತಿತ್ತು. ನಡೆದವರಿಗೆಲ್ಲ ತಲೆಗೊಂದು ಗೆರೆ ಎಳೆದ. ಹಿಂದಿನ ಆರು ದಿನ ಇದು ಹೊಳೆಯಲಿಲ್ಲವಲ್ಲ ಎಂದು ತನ್ನನ್ನೇ ಬೈದುಕೊಂಡ. ಮೇಲಿನವರು ಈ ಕಾಲಂ ಹೊಡೆದುಹಾಕಿದರೂ ಹಾಕಿಯಾರು. ಹಾಕಲಿ, ನಡೆದದ್ದಂತೂ ನಿಜ.

ಸಂಜೆ ಆರಕ್ಕೆ ಹತ್ತು ನಿಮಿಷವಿದ್ದಾಗ ಅದೇ ಬಸ್ಸು ಮರಳಿತು. ಜನ ಮತ್ತೆ ಇಳಿದು ನಡೆದರು, ಅವನು ಗೆರೆ ಎಳೆದು ಕೂಡಿದ. ಅಕ್ಕ ಅವನ ಕುರ್ಚಿ ಹಿಡಿದು ನಿಂತು ಉಸಿರು ಬಿಟ್ಟಳು.

"ಎಷ್ಟಾಯ್ತೋ?"

"ಇನ್ನೂ ಮೂವತ್ತೊಂದು ಕಮ್ಮಿ."

"ನನ್ನನ್ನ ಯಾವುದ್ರಲ್ಲಿ ಬರ್ಕೊಂಡೆ? ಲಾರೀಲಾ?"

"ಇತರೆ."

"ಕಟ್ಕೊಂಡವನೂ ಅದ್ರಲ್ಲೇ ಬರ್ಕೊಂಡಿದ್ದ, ಬಿಡು" ಎಂದು ನಕ್ಕಳು. ಆಮೇಲೆ ಬಸ್ಸಿನತ್ತ ತಿರುಗಿ ಕೂಗಿದಳು: "ಬನ್ರಪ್ಪಾ, ಇನ್ನೊಂದ್ಸಲ ನಡೀಬೇಕಂತೆ!"

ಆಗಲೇ ಬಸ್ಸು ಹತ್ತಿದ್ದ ಜನ ಗೊಣಗುತ್ತ, ನಗುತ್ತ ಇಳಿದು ಹಿಂದಕ್ಕೆ ನಡೆದರು. ಡ್ರೈವರೂ ಬೀಡಿ ಬಿಸಾಕಿ ಸೇರಿಕೊಂಡ. ನೀನು ಕೂತ್ಕೋ ಅಕ್ಕಾ, ಸಾಕು ಎನ್ನಲು ಅವನು ಬಾಯಿ ತೆರೆದ. ತಲೆ ಎಣಿಸಿದ. ಅವಳನ್ನು ಬಿಟ್ಟರೆ ಸಾಲದು. ಬಾಯಿ ಮುಚ್ಚಿಕೊಂಡ.

ಎಲ್ಲರೂ ದಾಟಿದರು. ಅವಳಿಗೆ ಇನ್ನೂ ಹತ್ತು ಹೆಜ್ಜೆ ಬಾಕಿ ಇತ್ತು. ಆಗಲೇ ಆರಾಯಿತು. ಆರರ ಮೇಲೆ ಒಂದೇ ಒಂದು ಗೆರೆಯನ್ನೂ ಅವನು ಈವರೆಗೆ ಎಳೆದವನಲ್ಲ. ಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡ. ಕಣ್ಣು ಮಂಜಾಗಿ ಹಾಳೆ ಕಾಣಲಿಲ್ಲ.

"ಬರ್ಕೊಂಡ್ಯೇನೋ?" ಎಂದು ಆಚೆಯಿಂದ ಕೇಳಿದಳು.

"ಬರ್ಕೊಂಡೆ ಅಕ್ಕಾ" ಎಂದು ಗೆರೆ ಎಳೆದ.