ಸಂಶೋಧನೆಯ ಸಾಮಗ್ರಿ

ಕೊನೆಯ ಸಾಲಿಗೆ ಕೆಂಪು ಗೀಟು ಬಿದ್ದಿತ್ತು.

ಹತ್ತೊಂಬತ್ತು ದಿನದ ಕೆಲಸವನ್ನು ತಾಯಣ್ಣ ಹದಿನಾಲ್ಕು ಪುಟಗಳಲ್ಲಿ ಬರೆದಿದ್ದ. ಉಳಿದದ್ದೆಲ್ಲ ಹಾಗೇ ಇತ್ತು. 'ಆದ್ದರಿಂದ ಅರಕೇರಾದ ಬಾವಿಯ ಮೆಟ್ಟಿಲುಗಳನ್ನು ಕೂಡಲೇ ಮುಚ್ಚಿ, ಸುತ್ತ ಕಟ್ಟೆ ಕಟ್ಟಿ, ರಾಟೆ ಹಾಕಬೇಕು' ಎಂಬ ಒಂದು ಸಾಲು ಮಾತ್ರ ಹೋಗಿತ್ತು.

"ಶುದ್ಧಪ್ರತಿ ಮಾಡ್ರಿ. ನಾಲ್ಕಕ್ಕ ಲಾರಿ ಹೊರಡ್ತದ" ಎಂದರು ಪ್ರೊಫೆಸರ್ ಶರಣಯ್ಯನವರು, ಚಾವಡಿಯ ಒಳಗಿನಿಂದಲೇ.

"ಈ ಸಾಲು, ಸರ್?"

"ಏನದ ಅಂತ ಹೇಳೋದು ಸಂಶೋಧನೆ. ಏನಾಗಬೇಕು ಅಂತ ಹೇಳೋದು ತಹಶೀಲ್ದಾರನ ಕೆಲಸ."

ತಾಯಣ್ಣನ ಮೇಜು ಹೊರಗೆ, ಬೇವಿನ ಮರದ ಕೆಳಗಿತ್ತು. ಸೂಕ್ಷ್ಮದರ್ಶಕಕ್ಕೆ ಬೆಳಕು ಬೇಕು, ಅದಕ್ಕೆ ಹೊರಗೆ ಹಾಕಿಸಿದ್ದೇವೆ ಎಂದು ಮೊದಲ ದಿನವೇ ಹೇಳಿದ್ದರು. ಕಾರಣ ಸರಿಯಾಗಿಯೇ ಇತ್ತು. ಅದು ಸರಿಯಾಗಿದ್ದದ್ದೇ ಅವನಿಗೆ ಸಿಟ್ಟು.

ಒಂದು ಜಿಲ್ಲೆ, ಮೂರು ಶಾಸ್ತ್ರ, ಒಂದು ಗ್ರಂಥ. ಪ್ರೊಫೆಸರರು ಊರೂರಲ್ಲಿ ಈ ಮಾತು ಹೇಳುತ್ತ ಬಂದಿದ್ದರು. ಚರಿತ್ರೆ ಅವರದು. ವೈದ್ಯಶಾಸ್ತ್ರ ಡಾಕ್ಟರ್ ಮೀರಾಹುಸೇನರದು. ಪ್ರಕೃತಿವಿಜ್ಞಾನ ತಾಯಣ್ಣನದು, ಬಿ.ಎಸ್‌ಸಿ. ಪಾಸಾದ, ಆರು ತಿಂಗಳ ಮಟ್ಟಿಗೆ ತೆಗೆದುಕೊಂಡ ಸಹಾಯಕನದು. ರಾಯಚೂರಿನ ಮಟಮಾರಿ ಮುಗಿಯಿತು, ಮಾನ್ವಿಯ ಬಾಗಲವಾಡ ಮುಗಿಯಿತು. ದೇವದುರ್ಗದ ಕಡೆ ಬಂದಾಗ ಪಟ್ಟಿಯಲ್ಲಿ ಅರಕೇರಾ ಇತ್ತು. ಅದು ತನ್ನ ಊರು ಎಂದು ಅವನು ಹೇಳಿದ್ದ.

"ಒಳ್ಳೇದಾತು. ಜನರನ್ನ ಒಪ್ಪಸೋದು ಸುಲಭ ಆಗ್ತದ" ಎಂದಿದ್ದರು ಪ್ರೊಫೆಸರರು.

ಅವನು ಲೇಖನಿ ಇಟ್ಟು ಎದ್ದ. ಬಾವಿಯ ಕಡೆ ನಡೆದ. ಯಾಕೆ ಎಂದು ಅವನಿಗೇ ತಿಳಿಯಲಿಲ್ಲ.

ಬಾವಿಯ ಬಾಯಿಂದ ಹತ್ತು ಮಾರು ದೂರದಲ್ಲಿ ಒಂದು ಚಪ್ಪಡಿ ಇದೆ. ಅವನ ಕೇರಿಯ ಹೆಂಗಸರು ಖಾಲಿ ಕೊಡ ಇಟ್ಟುಕೊಂಡು, ಯಾರಾದರೂ ಮೇಲೆ ಬಂದು ಹೊಯ್ಯಲಿ ಎಂದು ಅಲ್ಲೇ ನಿಲ್ಲುತ್ತಾರೆ. ತಾಯಣ್ಣನೂ ಅಲ್ಲೇ ನಿಂತ. ಈ ಬಾವಿಯ ನೀರಿನಲ್ಲಿ ಕಣ್ಣಿಗೆ ಕಾಣದ ಚಿಗಟದಂಥ ಜೀವಿ ಒಂದು ಬೊಗಸೆಗೆ ಎಷ್ಟಿವೆ, ಅವುಗಳ ಹೊಟ್ಟೆಯಲ್ಲಿ ನಾರುಹುಳದ ಮರಿಗಳು ಎಷ್ಟಿವೆ, ಅವನು ಬಲ್ಲ. ಬಾವಿಗೆ ಎಷ್ಟು ಮೆಟ್ಟಿಲು ಎಂಬುದನ್ನು ಪ್ರೊಫೆಸರರ ಪುಸ್ತಕದಿಂದ ತಿಳಿದುಕೊಂಡಿದ್ದ. ನೀರನ್ನು ದಿನಾ ಸೀಸೆಯಲ್ಲಿ ತುಂಬಿ ತಂದುಕೊಟ್ಟವನು ಲಾರಿ ಡ್ರೈವರ್ ವೆಂಕಣ್ಣ.

ಅಂಬಮ್ಮ ಕೊಡ ಹೊತ್ತು ಮೆಟ್ಟಿಲ ಕಡೆ ಬಂದಳು. ಅಕ್ಕಿ ಗಿರಣಿಯವರ ಮನೆಯ ಸೊಸೆ. ಎಡಗಾಲನ್ನು ಎಳೆದು ಹಾಕುತ್ತಿದ್ದಳು. ಹಿಮ್ಮಡಿಯ ಹತ್ತಿರ ಹಣ್ಣಾದ ಗುಳ್ಳೆ.

"ಅಕ್ಕಾರ, ಆ ಕಾಲು ನೀರಾಗ ಇಡಬ್ಯಾಡ್ರಿ."

"ಉರಿ ತಡ್ಯಾಕ ಆಗವಲ್ದೋ. ನೀರಾಗಿಟ್ರ ತಣ್ಣಗ ಆಗ್ತದ."

"ಆಗ್ತದ್ರಿ. ಅವಾಗ ಗುಳ್ಳಿ ಒಡೀತದ. ಹುಳ ಮರಿ ಹಾಕೋದ ಆವಾಗ. ಆ ನೀರ ನಾವೆಲ್ಲಾ ಕುಡಿಯೋದು."

ಅಂಬಮ್ಮ ಸೊಂಟದ ಮೇಲೆ ಕೈ ಇಟ್ಟು ನಿಂತಳು. ನಕ್ಕಳು ಕೂಡ.

"ನಾವು ಕಾಲಿಟ್ರ ನೀರು ಕೆಡ್ತದ ಅಂತೀಯೇನು? ನೀನು? ನೀನ ಹೇಳಾಕತ್ತೀ ಏನಲೇ ಇದನ್ನ?"

ಚಪ್ಪಡಿಯ ಮೇಲಿನ ಹೆಂಗಸರಲ್ಲಿ ಯಾರೋ ಕಿಸಕ್ಕೆಂದು, ಬಾಯಿಗೆ ಸೆರಗು ಒತ್ತಿಕೊಂಡರು.

"ನನ್ನ ಮೇಜಿನ ಮ್ಯಾಲಿನ ಕೊಳವಿಯೊಳಗ ಕಂಡದ್ರಿ ಅಕ್ಕಾರ."

"ಕೊಳವಿಗೆ ಹೇಳು, ಇದು ನಮ್ಮ ಮಾವನ ಮುತ್ಯಾನ ಕಾಲದ ಬಾವಿ ಅಂತ." ಅಂಬಮ್ಮ ಇಳಿದು ಹೋದಳು. ಕೆಳಗೆ ನೀರು ಕಲಕಿದ ಸದ್ದು ಕೇಳಿಸಿತು. ಆಮೇಲೆ ಅವಳ ದೀರ್ಘ ನಿಟ್ಟುಸಿರು. ಉರಿ ಆರಿತ್ತು.

ಮೇಲೆ ಬಂದು ಅವಳು ಚಪ್ಪಡಿಯ ಮೇಲಿನ ಕೊಡಗಳಿಗೆಲ್ಲ ಧಾರಾಳವಾಗಿ ನೀರು ಹೊಯ್ದಳು. ಕೆಟ್ಟ ಹೆಂಗಸಲ್ಲ. ಯಾರೂ ಕೆಟ್ಟವರಾಗಿರಲಿಲ್ಲ. ಸಿಟ್ಟನ್ನು ಇಡಲು ಅವನಿಗೆ ಒಂದು ಜಾಗವೂ ಸಿಗುತ್ತಿರಲಿಲ್ಲ.

ಕೇರಿಯಲ್ಲಿ, ಗುಡಿಸಲ ಗೋಡೆಯ ನೆರಳಿನಲ್ಲಿ, ತಾಯಿ ಗೋಪಮ್ಮ ಕಾಲು ಚಾಚಿ ಕೂತಿದ್ದಳು. ಡಾಕ್ಟರು ಎದುರಿಗೆ ಕುಕ್ಕರಗಾಲಲ್ಲಿ ಕೂತು ಅವಳ ಪಾದ ನೋಡುತ್ತಿದ್ದರು. ಡಾಕ್ಟರು ಕೇರಿಗೆ ಬರುತ್ತಿದ್ದರು, ಅಷ್ಟನ್ನು ಒಪ್ಪಲೇಬೇಕು.

ಕಣಕಾಲಿನ ಹುಣ್ಣಿನಿಂದ ಹೊರಗೆ ಬಂದಿದ್ದ ಹುಳ ಜೋಳದ ಕಡ್ಡಿಗೆ ಒಂಬತ್ತು ಸುತ್ತು ಸುತ್ತಿಕೊಂಡಿತ್ತು. ದಿನಕ್ಕೆ ಅರ್ಧ ಸುತ್ತು, ಅದು ಬಂದಷ್ಟು. ಬಿಗಿಯಾಯಿತು ಅನ್ನಿಸಿದರೆ ಕೈ ಬಿಟ್ಟು, ಕಡ್ಡಿಯನ್ನು ಕಾಲಿಗೇ ಕಟ್ಟಿ, ಮಾರನೆಯ ದಿನ ನೋಡಬೇಕು. ಗೋಪಮ್ಮ ಈ ಮೊದಲು ತನ್ನವು ಐದು, ಮಗನದೊಂದು ಹೀಗೆ ಸುತ್ತಿ ತೆಗೆದವಳು.

"ಇನ್ನ ಎಷ್ಟು ಒಳಗ ಅದ ಅಮ್ಮಾ?" ಡಾಕ್ಟರು ಕೇಳಿದರು.

"ನಾಕು ಬಟ್ಟು ಇರಬೇಕ್ರಿ. ವಾರದಾಗ ಬರ್ತದ."

"ನಾವು ಇವತ್ತ ಹೋಗ್ತೀವಲ್ಲ."

"ಹುಳಕ್ಕೇನ್ ಗೊತ್ರೀ ನಿಮ್ಮ ಲಾರಿ ಹೊತ್ತು?"

ಡಾಕ್ಟರು ಮನಸಾರೆ ನಕ್ಕರು. ಆಮೇಲೆ ಕೈಯಲ್ಲಿದ್ದ ಖಾಲಿ ಸೀಸೆಯನ್ನು ತಿರುಗಿಸುತ್ತ ಹೇಳಿದರು: "ಮಟಮಾರ್ಯಾಗ ಮೂರು ಸಿಕ್ಕಿದ್ವು, ಮೂರೂ ಹರದವು. ಬಾಗಲವಾಡದಾಗ ಐದು, ಅವೂ ಹರದವು. ಪೂರಾ ಹುಳ ಒಂದೂ ಇಲ್ಲ. ಒಂದು ಸಿಕ್ಕಿದ್ರ ಸೀಸೆ ಮ್ಯಾಲ ಸಂಗ್ರಹಿಸಿದವರು ತಾಯಣ್ಣ ಅಂತ ಬರೀತಿದ್ದೆ. ದೊಡ್ಡವರ ಕಣ್ಣಿಗೆ ಬೀಳೋ ಹೆಸರು ಅದು."

"ಸಾಹೇಬ್ರ, ಎಳದ್ರ ಹರೀತದ. ಹರದ್ರ ಕಾಲು ಕೀವು ಹಿಡೀತದ. ನೀವ ಬರದೀರಿ ಅದನ್ನ."

"ನಾ ಎಳಿ ಅಂದೆನೇನಪ್ಪಾ?"

ಅಂದಿರಲಿಲ್ಲ. ಸೀಸೆಯನ್ನು ಜೇಬಿಗೆ ಹಾಕಿಕೊಂಡು, ತಾಯಿಗೆ ಕೈ ಮುಗಿದು ಹೊರಟುಹೋದರು.

"ನಿನ್ನ ನೌಕರಿ ಕಾಯಂ ಆಗ್ತದೇನೋ ತಮ್ಮಾ, ಇದರಿಂದ?" ಗೋಪಮ್ಮ ಕೇಳಿದಳು.

"ಯಾವುದರಿಂದ?"

"ಸೀಸೆ ಮ್ಯಾಲ ಹೆಸರು ಬಂದ್ರ."

"ನನಗೇನ್ ಗೊತ್ತವ್ವಾ! ಆರು ತಿಂಗಳಾತು, ಮುಗೀತು. ಸುಮ್ನಿರು."

"ಸಿಟ್ಟ್ಯಾಕೋ? ಉಂಡೀಯೇನು?"

"ಉಂಡೀನಿ."

ಉಂಡಿರಲಿಲ್ಲ. ಎದ್ದು ಬಂದ. ಎಳೆಯಬೇಡ ಎಂದು ಹೇಳಲಿಲ್ಲ. ಆರು ಹುಳ ಸುತ್ತಿದವಳಿಗೆ ಆ ಮಾತು ಹೇಳುವುದುಂಟೇ ಎಂದುಕೊಂಡ. ಆಮೇಲೆ ಯೋಚಿಸಿದಾಗ, ಆ ಗಳಿಗೆಯಲ್ಲಿ ತಾಯಿಯನ್ನು ನೆನೆಯದೆ ಕೆಂಪು ಗೀಟನ್ನೇ ನೆನೆಯುತ್ತಿದ್ದೆ ಎಂಬುದು ಹೊಳೆಯಿತು.

ಶುದ್ಧಪ್ರತಿ ಅರ್ಧ ಮುಗಿದಿತ್ತು. ಪ್ರೊಫೆಸರರು ಶಾಸನದ ಅಚ್ಚು ತೆಗೆದ ಕಾಗದವನ್ನು ತಂದು ಅವನ ಮೇಜಿನ ಮೇಲೆ ಹರಡಿದರು. ಬಾವಿಯ ಮೂರನೆಯ ಮೆಟ್ಟಿಲಿನ ಮೇಲಿನ ಬರಹ. ಅವರ ಮುಖದಲ್ಲಿ ಅಪರೂಪದ ಮೃದುತ್ವ ಇತ್ತು.

"ಇದನ್ನೂ ಸೇರಸ್ರಿ. ಕಡೀ ಸಾಲು ಓದಿದೆ ಇವತ್ತು. ಈ ಬಾವಿಗೆ ಕೇಡು ಬಗೆದವನು ಅರವತ್ತು ಸಾವಿರ ವರ್ಷ ಹೊಲಸಿನೊಳಗ ಹುಳ ಆಗಿ ಹುಟ್ತಾನ ಅಂತ. ಒಂಬೈನೂರು ವರ್ಷದ ಮಾತು! ನೀವು ಮೆಟ್ಟಿಲು ಮುಚ್ಚು ಅಂತೀರಿ."

"ಜನ ಹುಳ ಕುಡೀಲಿಕ್ಕತ್ಯಾರ ಸರ್."

"ನೋಡ್ರಿ, ಅದು ನಿಮ್ಮ ಅಧ್ಯಾಯ. ಇದು ನನ್ನ ಅಧ್ಯಾಯ."

ಅವನು ಬರೆದುಕೊಂಡ. ಶಾಪವನ್ನು ಮುತ್ತಿನಂಥ ಅಕ್ಷರಗಳಲ್ಲಿ ಬರೆದ. ಊರು ಒಂಬೈನೂರು ವರ್ಷದಿಂದ ಆ ಶಾಪವನ್ನು ಕೊಡಗಟ್ಟಲೆ ಹೊತ್ತು ಮನೆಗೆ ಒಯ್ಯುತ್ತಿತ್ತು. ಗ್ರಂಥದ ಮೂರು ಅಧ್ಯಾಯಗಳಲ್ಲೂ ಹುಳ ಇರುತ್ತದೆ. ಒಂದು ಹುಳಕ್ಕೆ ಇನ್ನೊಂದರ ಪರಿಚಯ ಇರುವುದಿಲ್ಲ.

ತಲೆ ಎತ್ತಿದಾಗ ಗೋಪಮ್ಮ ಎದುರಿಗೆ ನಿಂತಿದ್ದಳು. ಕೇರಿಯಿಂದ ಚಾವಡಿಯವರೆಗೆ ಒಂಟಿ ಕಾಲಿನ ಮೇಲೆ ಭಾರ ಹಾಕಿ ಬಂದಿದ್ದಳು. ಮುಖದ ತುಂಬ ಬೆವರು. ಕೈಯಲ್ಲಿ ಔಡಲ ಎಲೆ.

"ತಗೋ ತಮ್ಮಾ. ಬಂತು."

ಎಲೆಯ ಮೇಲೆ ಬಿಳಿ ದಾರದಂಥದ್ದು ಸುರುಳಿಯಾಗಿ ಬಿದ್ದಿತ್ತು.

ಡಾಕ್ಟರು ಹೊರಗೆ ಓಡಿ ಬಂದರು. ಭೂತಗನ್ನಡಿ ಹಿಡಿದು ಈ ತುದಿ ನೋಡಿದರು, ಆ ತುದಿ ನೋಡಿದರು. ಬಹಳ ಹೊತ್ತು ನೋಡಿದರು.

"ಹರದದ ಅಮ್ಮಾ. ಒಳಗ ಉಳದದ."

"ಇಲ್ರೀ, ಬಂದದ್ರಿ. ಭಾಳ ಮೆತ್ತಗ ಎಳದೀನಿ. ಎಣ್ಣಿ ಹಚ್ಚಿ ಎಳದೀನಿ." ಅವಳು ಡಾಕ್ಟರನ್ನು ಬಿಟ್ಟು ಮಗನ ಕಡೆ ನೋಡಿದಳು. "ನೀನರ ನೋಡೋ. ನಿನ್ನ ಕೊಳವಿಯೊಳಗ ನೋಡು."

ಅವನು ನೋಡಲಿಲ್ಲ.

"ಯಾರ ಹೇಳಿದ್ರು ಎಳೀ ಅಂತ? ಯಾರ ಕೇಳಿದ್ರು ನಿನ್ನ?" ಊರಿಗೇ ಕೇಳುವಂತೆ ಕೂಗಿದ. ಇಡೀ ದಿನ ಯಾರ ಮೇಲೂ ಹಾಕಲಾಗದ ಸಿಟ್ಟು ಕೊನೆಗೆ ಅವಳ ಮೇಲೆ ಬಿತ್ತು. ಅವಳೊಬ್ಬಳೇ ಅದನ್ನು ತೆಗೆದುಕೊಳ್ಳುವಂತಿದ್ದಳು. ತಪ್ಪು ಮಾಡಿದವಳಂತೆ ಎಲೆಯನ್ನು ಮಡಚಿ ಹಿಡಿದು ನಿಂತಳು.

ಡಾಕ್ಟರು ಪುಸ್ತಕ ತೆಗೆದು ಬರೆದರು: ನಮೂನೆ ಹದಿನೇಳು, ಅಪೂರ್ಣ.

ಮೂರು ಗಂಟೆಗೆ ಗೋಪಮ್ಮನ ಕಾಲು ಮೊಣಕಾಲಿನವರೆಗೆ ಬಾತಿತ್ತು. ಮೈ ಸುಡುತ್ತಿತ್ತು. ಇದನ್ನು ಕೊಯ್ದು ತೆಗೆಯಬೇಕು, ಅದಕ್ಕೆ ರಾಯಚೂರಿನ ದವಾಖಾನೆಯೇ ಆಗಬೇಕು, ಒಂದು ದಿನ ತಡವಾದರೂ ಕಾಲು ಉಳಿಯುವುದಿಲ್ಲ ಎಂದು ಡಾಕ್ಟರು ಪ್ರೊಫೆಸರರಿಗೆ ಮೆಲ್ಲಗೆ ಹೇಳಿದರು.

"ಜಾಗ ಎಲ್ಲದ?" ಎಂದರು ಪ್ರೊಫೆಸರರು. ನಿಜವಾಗಿಯೂ ಇರಲಿಲ್ಲ. ಲಾರಿಯ ತುಂಬ ನಲವತ್ತು ಪೆಟ್ಟಿಗೆಗಳು: ಕಲ್ಲು, ಕಾಗದ, ಸೀಸೆ, ಒಣಗಿಸಿದ ಗಿಡ.

ತಾಯಣ್ಣ ಲಾರಿ ಹತ್ತಿದ. ಕೈಗೆ ಸಿಕ್ಕ ಪೆಟ್ಟಿಗೆಯನ್ನು ಎತ್ತಿದ.

"ಅದು ಶಾಸನದ್ದು! ಇಡ್ರಿ ಕೆಳಗ!"

ಇಟ್ಟ. ತನ್ನದನ್ನು ಎತ್ತಿದ. ಹತ್ತೊಂಬತ್ತು ದಿನದ ನೀರಿನ ಸೀಸೆಗಳು. ಅದನ್ನು ಇಳಿಸುವಾಗ ಯಾರೂ ಬೇಡ ಎನ್ನಲಿಲ್ಲ. ವೆಂಕಣ್ಣ ಒಂದು ಗೋಣಿಚೀಲ ಹಾಸಿದ. ಇಬ್ಬರೂ ಸೇರಿ ಗೋಪಮ್ಮನನ್ನು ಎತ್ತಿ ಮಲಗಿಸಿದರು.

"ಭಾರ ಇದ್ದೀನೇನೋ ತಮ್ಮಾ?" ಎಂದಳು.

ದಾರಿಯುದ್ದಕ್ಕೂ ಅವನು ಪೆಟ್ಟಿಗೆಗಳ ನಡುವೆ ಕೂತು ಅವಳ ಕಾಲು ಅಲುಗದಂತೆ ಎರಡೂ ಕೈಯಲ್ಲಿ ಹಿಡಿದಿದ್ದ. ತಪ್ಪಾಯಿತು ಎನ್ನಬೇಕೆಂದು ಅವನಿಗೆ ಅನ್ನಿಸಿತು. ಬಾಯಿಗೆ ಬಂದದ್ದು, "ನೀರು ಬೇಕೇನು?" ಎಂಬ ಮಾತು. ಕೇಳಿದ ಮೇಲೆ ತನ್ನ ಮಾತಿಗೆ ತಾನೇ ಹೇಸಿದ.

ರಾಯಚೂರು ಇನ್ನು ಆರು ಮೈಲಿ ಇರುವಾಗ, ಹೊತ್ತು ಮುಳುಗುತ್ತ, ನಾಕಾದಲ್ಲಿ ಬಿದಿರು ಅಡ್ಡ ಬಿದ್ದಿತ್ತು. ಯುದ್ಧದ ಕಾಲ. ಕಾಳು ಕದ್ದು ಸಾಗಿಸುತ್ತಾರೆಂದು ಎಲ್ಲ ಲಾರಿಗಳನ್ನೂ ತಡೆಯುತ್ತಿದ್ದರು. ಜಮಾದಾರ ಪರವಾನಗಿ ಓದಿದ. ಕೈಯಲ್ಲಿ ಸೀಮೆಸುಣ್ಣ ಹಿಡಿದು ಹಿಂದಿನಿಂದ ಹತ್ತಿದ. ಒಂದೊಂದು ಪೆಟ್ಟಿಗೆಗೂ ಒಂದೊಂದು ಗೀಟು ಎಳೆಯುತ್ತ ಎಣಿಸಿದ.

"ಮೂವತ್ತೊಂಬತ್ತು ಅವ. ಚೀಟ್ಯಾಗ ನಲವತ್ತು ಅದ. ಮನುಷ್ಯಾರು ನಾಕು ಅಂತದ, ಐದು ಮಂದಿ ಇದ್ದೀರಿ."

"ನಾ ಇಳೀತೀನ್ರಿ" ಎಂದ ತಾಯಣ್ಣ. "ನಡಕೋತ ಬರ್ತೀನಿ. ಲಾರಿ ಬಿಡ್ರಿ."

"ನೀ ಇಳದ್ರ ಮನುಷ್ಯಾರ ಲೆಕ್ಕ ಕೂಡ್ತು. ಪೆಟ್ಟಿಗಿ? ಹಾದ್ಯಾಗ ಎಲ್ಲಿ ಇಳಿಸಿದ್ರಿ, ಏನಿತ್ತು ಅದರಾಗ ಅಂತ ನನ್ನ ಕೇಳ್ತಾರ. ಲಾರಿ ಇಲ್ಲೇ ಇರ್ಲಿ. ಬೆಳಿಗ್ಗಿ ದೇವದುರ್ಗಕ್ಕ ಹೋಗಿ ಹೊಸ ಚೀಟಿ ತರ್ರಿ."

"ಹೆಣ್ಮಗಳು ಸಾಯ್ಲಿಕ್ಕತ್ಯಾಳಪ್ಪಾ" ಎಂದರು ಡಾಕ್ಟರು.

"ನಾ ಏನ್ ಮಾಡ್ಲಿ ಸಾಬ್? ಕಾಗದ ಬರದಾವ ನಾ ಅಲ್ಲ."

ಪ್ರೊಫೆಸರರು ಮುಂದಿನ ಸೀಟಿನಿಂದ ಇಳಿದು ಬಂದರು. ಕನ್ನಡಕ ಒರೆಸಿ ಹಾಕಿಕೊಂಡು ಗೋಪಮ್ಮನ ಕಡೆ ಕೈ ತೋರಿಸಿದರು. ಅವರ ದನಿಯಲ್ಲಿ ಕರುಣೆ ಇತ್ತು. ಆ ದಿನ ಮೊದಲ ಸಲ.

"ನಲವತ್ತನೇದು ಇದ. ಸಂಶೋಧನೆಯ ಸಾಮಗ್ರಿ. ಡಾಕ್ಟರ್, ಪುಸ್ತಕ ತೋರಸ್ರಿ. ನಂಬರ್ ಅದ, ಹದಿನೇಳು."

ಜಮಾದಾರ ಪುಸ್ತಕ ನೋಡಿದ. ನಂಬರು ಇತ್ತು. ಪುಸ್ತಕದ ಮೇಲೆ ಮೊಹರೂ ಇತ್ತು. ಕಂದೀಲು ಎತ್ತಿ ತಾಯಣ್ಣನ ಮುಖ ನೋಡಿದ.

"ಹೌದೇನಪ್ಪಾ? ಇದು ಸಾಮಾನಿನ ಲೆಕ್ಕೇನು?"

ಕೈಯೊಳಗಿನ ಕಾಲು ಕೆಂಡದಂತಿತ್ತು.

"ಹೌದು" ಎಂದ.

ಜಮಾದಾರನಿಗೆ ಗೀಟು ಎಳೆಯಲು ಹಲಗೆ ಸಿಗಲಿಲ್ಲ. ಒಂದು ಗಳಿಗೆ ತಡೆದು, ಗೋಪಮ್ಮನ ಭುಜದ ಮೇಲಿನ ಸೆರಗಿಗೆ ಸೀಮೆಸುಣ್ಣ ಒತ್ತಿ ಉದ್ದಕ್ಕೆ ಎಳೆದ. ಇಳಿದು ಹೋಗಿ ಬಿದಿರು ಎತ್ತಿದ.

"ಇದೇನು ಗುರ್ತೋ ತಮ್ಮಾ?" ಗೋಪಮ್ಮ ಕೇಳಿದಳು.

"ಬಿಟ್ರವ್ವಾ."

"ಮುಂದ ಇನ್ನೊಂದು ನಾಕಾ ಅದೇನು?"

ಲಾರಿ ಹೊರಟಿತು. ಗಾಳಿ ಬೀಸತೊಡಗಿತು, ಪೆಟ್ಟಿಗೆಗಳ ಮೇಲಿನ ಸುಣ್ಣ ಪುಡಿಪುಡಿಯಾಗಿ ಹಾರತೊಡಗಿತು. ಗೋಪಮ್ಮ ಅಂಗೈಯನ್ನು ಬೋಗುಣಿಯಂತೆ ಬಾಗಿಸಿ, ಬಟ್ಟೆಗೆ ತಾಗದ ಹಾಗೆ, ಭುಜದ ಮೇಲಿನ ಆ ಬಿಳಿ ಗೀಟಿಗೆ ಮರೆ ಮಾಡಿ ಹಿಡಿದಳು. ಅದು ಅಳಿಸಿಹೋದರೆ ಎಂದು.