ನಾಲ್ಕು ಬೆರಳು ಎಡಕ್ಕೆ

“ಬಂತಾ?”

ತಾರಸಿಯಿಂದ ಮೆಟ್ಟಿಲಿಳಿದು ಬಂದ ಈ ಒಂದು ಮಾತು, ಐದು ತಿಂಗಳಲ್ಲಿ ಕಿರಿಸೊಸೆ ಹಿರಿಸೊಸೆಗೆ ನೇರವಾಗಿ ಆಡಿದ ಮೊದಲ ಮಾತು. ಟಿವಿಯ ಮುಂದೆ ರಿಮೋಟ್ ಹಿಡಿದು ಕೂತಿದ್ದ ಹಿರಿಸೊಸೆ ಕತ್ತೆತ್ತಿ ನೋಡಿದಳು. ಪರದೆಯ ತುಂಬ ನೀಲಿ ಬಣ್ಣ, ನಡುವೆ ‘ಸಿಗ್ನಲ್ ಇಲ್ಲ’ ಎಂಬ ಅಕ್ಷರ, ಅದರ ಕೆಳಗೆ ಸೊನ್ನೆಯಿಂದ ಕದಲದ ಒಂದು ಗೆರೆ.

“ಇಲ್ಲ,” ಎಂದಳು. ದನಿ ಬಾಗಿಲನ್ನೂ ದಾಟಲಿಲ್ಲ. ಗಂಟಲು ಸರಿಮಾಡಿಕೊಂಡು, “ಇಲ್ಲಾ!” ಎಂದು ಕೂಗಿದಳು.

ಪಕ್ಕದ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದ ಅತ್ತೆ, ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಕಿಟಕಿಯಾಚೆ ನೋಡುತ್ತಿದ್ದರು.

ಮಧ್ಯಾಹ್ನದ ಹೊತ್ತು ಮೇಲೆ ಕಿರಿಸೊಸೆಯ ಮನೆಗೆ ಹೋಗಿ ಟಿವಿ ನೋಡುವುದು ಅತ್ತೆಯ ಹಳೆಯ ಅಭ್ಯಾಸ. ಮೂರು ವಾರದ ಹಿಂದೆ ಮಂಡಿಯ ಆಪರೇಷನ್ ಆಯಿತು, ಡಾಕ್ಟರು ಮೆಟ್ಟಿಲು ಹತ್ತಕೂಡದು ಎಂದರು. ಕೆಳಗೆ ಹಿರಿಸೊಸೆಯ ಮನೆಯಲ್ಲಿ ಟಿವಿ ಇರಲಿಲ್ಲ. ದಿನವಿಡೀ ಹೊಲಿಗೆ ಮಷೀನು ಓಡುವ ಮನೆಯಲ್ಲಿ ಟಿವಿಯ ಮಾತು ಯಾರಿಗೆ ಕೇಳಿಸಬೇಕು? ಈಗ ಗಂಡುಮಕ್ಕಳಿಬ್ಬರೂ ಸೇರಿ ಒಂದು ಟಿವಿ ತಂದರು, ತಿಂಗಳು ತಿಂಗಳು ಏನೂ ಕಟ್ಟಬೇಕಿಲ್ಲದ ಪುಕ್ಕಟೆ ಚಾನೆಲ್‌ಗಳ ಡಿಶ್ಶನ್ನೂ ತಂದರು. ಭಾನುವಾರ ತಾರಸಿ ಹತ್ತಿ ಎದುರು ಮನೆಯ ಡಿಶ್ ಯಾವ ಕಡೆಗೆ ಮುಖ ಮಾಡಿದೆಯೋ ಇದನ್ನೂ ಅದೇ ಕಡೆಗೆ ನಿಲ್ಲಿಸಿ, ನಟ್ಟು ಬಿಗಿದು, “ಸ್ವಲ್ಪ ತಿರುಗಿಸಿದ್ರೆ ಬರುತ್ತೆ” ಎಂದು ಕೈತೊಳೆದುಕೊಂಡರು. ಸೋಮವಾರ ದೊಡ್ಡವನು ದೂರದ ಊರಿನ ಬಸ್ಸು ಓಡಿಸಿಕೊಂಡು ಹೊರಟ, ಚಿಕ್ಕವನು ಕಾರ್ಖಾನೆಗೆ ಹೋದ. ಆ ಸ್ವಲ್ಪ ತಿರುಗಿಸುವ ಕೆಲಸ ಮಾತ್ರ ಹೆಂಗಸರ ಪಾಲಿಗೆ ಉಳಿಯಿತು.

ಅದು ಒಬ್ಬರಿಂದ ಆಗುವ ಕೆಲಸವಲ್ಲ. ಮೇಲೆ ಒಬ್ಬರು ಎರಡೂ ಕೈಯಲ್ಲಿ ಡಿಶ್ ಹಿಡಿದು ತಿರುಗಿಸಬೇಕು, ಕೆಳಗೆ ಒಬ್ಬರು ಪರದೆ ನೋಡಿ ಹೇಳಬೇಕು. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಕಿರಿಸೊಸೆಗೆ ಇವತ್ತು ವಾರದ ರಜೆ. ಸ್ಪ್ಯಾನರ್ ಹಿಡಿದು ಅವಳೇ ತಾರಸಿಗೆ ಹೋದಳು. ನಡುವೆ ಮಾತು ಮುಟ್ಟಿಸಲು ಅತ್ತೆ ಇದ್ದಾರಲ್ಲ ಎಂಬ ಧೈರ್ಯ ಇಬ್ಬರಿಗೂ ಇತ್ತು. ಐದು ತಿಂಗಳಿಂದ ನಡೆದದ್ದೇ ಹಾಗೆ. “ಕೆಳಗಿನವರಿಗೆ ಹೇಳಿ ಅತ್ತೆ, ನೀರು ಬಂದಿದೆ.” “ಮೇಲೆ ಹೇಳಿ ಅತ್ತೆ, ಗೇಟಿನ ಬೀಗ ಹಾಕಿಲ್ಲ.” ಆದರೆ ಇವತ್ತು ಅತ್ತೆ ಕತ್ತಿಗೆ ಮಫ್ಲರ್ ಸುತ್ತಿಕೊಂಡು, ಗಂಟಲು ಮುಟ್ಟಿ ತೋರಿಸಿ, “ದನಿಯೇ ಹೊರಡ್ತಿಲ್ಲ ಕಣೇ” ಎಂದು ಪಿಸುಗುಟ್ಟಿದರು. ಬೆಳಿಗ್ಗೆ ತಡವಾಗಿ ಬಂದ ಹಾಲಿನವನಿಗೆ ಅವರು ಮಾಡಿದ ಮಂಗಳಾರತಿ ಮೂರು ಮನೆಗೆ ಕೇಳಿಸಿತ್ತು.

ಜಗಳಕ್ಕೆ ಕಾರಣ ಒಂದು ಕತ್ತರಿ. ಗೇಣಿಗಿಂತ ಉದ್ದದ, ಇಪ್ಪತ್ತು ವರ್ಷದಿಂದ ಬಟ್ಟೆ ಬಿಟ್ಟು ಬೇರೇನನ್ನೂ ಮುಟ್ಟಿರದ ಹಿರಿಸೊಸೆಯ ಕತ್ತರಿ. ಕಾಗದ ಕತ್ತರಿಸಿದರೂ ಅದರ ಬಾಯಿ ಹೋಗುತ್ತದೆ ಎಂಬುದು ಹೊಲಿಗೆಯವರಿಗೆಲ್ಲ ಗೊತ್ತು. ಕಿರಿಸೊಸೆಗೆ ಗೊತ್ತಿರಲಿಲ್ಲ, ಕೈಗೆ ಸಿಕ್ಕಿತೆಂದು ಅದರಲ್ಲಿ ಹಳೆಯ ಪೆಟ್ಟಿಗೆಯ ರಟ್ಟು ಕತ್ತರಿಸಿದ್ದಳು. ಮರುದಿನ ಗಿರಾಕಿಯೊಬ್ಬರ ರೇಷ್ಮೆ ಬಟ್ಟೆಗೆ ಹಾಕಿದ ಕತ್ತರಿ ಜಾರುವ ಬದಲು ಕಚ್ಚಿತು, ಎಳೆ ಕಿತ್ತುಬಂತು. ಹಿರಿಸೊಸೆಗೆ ಪಿತ್ತ ನೆತ್ತಿಗೇರಿತು. ಕತ್ತರಿಯ ಬಗ್ಗೆ ಎಷ್ಟು ಬೈದಿದ್ದರೂ ಸಂಜೆಗೆ ಎಲ್ಲ ತಣ್ಣಗಾಗುತ್ತಿತ್ತು. ಆದರೆ ಅವಳು, “ಕೇಳಿ ತಗೋಬೇಕು ಅಂತ ಹೇಳಿಕೊಡೋಕೆ ತಾಯಿ ಅಂತ ಒಬ್ಬಳು ಇರಬೇಕಿತ್ತು” ಎಂದುಬಿಟ್ಟಳು.

ಕಿರಿಸೊಸೆಯ ತಾಯಿ ಅವಳಿಗೆ ಆರು ವರ್ಷವಿದ್ದಾಗಲೇ ತೀರಿಕೊಂಡಿದ್ದರು. ಮದುವೆಯಾಗಿ ಬಂದ ಮೊದಲ ವಾರ, ಓರಗಿತ್ತಿಯ ಕೈಯಲ್ಲಿ ತಲೆ ಬಾಚಿಸಿಕೊಳ್ಳುತ್ತ ಅವಳು, “ಅಕ್ಕಾ, ನನ್ನ ಜಡೆ ಇನ್ನೊಬ್ಬರು ಹೆಣೆದದ್ದು ನನಗೆ ನೆನಪೇ ಇಲ್ಲ ನೋಡಿ” ಎಂದಿದ್ದಳು. ಅದು ಗೊತ್ತಿದ್ದೂ ಆಡಿದ ಮಾತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ದಿನ ಕಿರಿಸೊಸೆ ಅಳಲಿಲ್ಲ, ತಿರುಗಿ ಬೈಯಲೂ ಇಲ್ಲ. ಅರ್ಧ ಕತ್ತರಿಸಿದ ರಟ್ಟನ್ನು ಎತ್ತಿಕೊಂಡು ಮೇಲೆ ಹೋದಳು. ಅಂದಿನಿಂದ ಹಿರಿಸೊಸೆ ‘ಅಕ್ಕ’ ಹೋಗಿ ‘ಕೆಳಗಿನವರು’ ಆದಳು. ಕತ್ತರಿಗೆ ಸಾಣೆ ಹಿಡಿಸಿ ಸರಿಮಾಡಿದ್ದಾಗಿತ್ತು. ಇದಕ್ಕೆ ಸಾಣೆ ಹಿಡಿಯುವವರು ಯಾರು? ಹಿರಿಸೊಸೆ ಎಷ್ಟೋ ಸಲ ಮೂರು ಮೆಟ್ಟಿಲು ಹತ್ತಿ, ನಾಲ್ಕನೆಯದಕ್ಕೆ ಧೈರ್ಯ ಸಾಲದೆ ಹಿಂದೆ ಬಂದಿದ್ದಳು. ಅವಳಿಗೆ ಬೇಕಾಗಿದ್ದುದು ಟಿವಿಯಲ್ಲ. ಆ ಹುಡುಗಿ ಇನ್ನೊಂದು ಸಲ ‘ಅಕ್ಕಾ’ ಎನ್ನಬೇಕಿತ್ತು, ಅಷ್ಟೆ.

“ಈಗ ಬಂತಾ?”

“ಇಲ್ಲ!”

“ಈಗ?”

“ಉಹುಂ, ಸೊನ್ನೆಯೇ!”

ಅರ್ಧ ಗಂಟೆ ಇದೇ ಆಯಿತು. ಅತ್ತೆಗೆ ಬೇಸರ ಬಂದು ರಿಮೋಟ್ ಕಿತ್ತುಕೊಂಡು, “ಸದ್ದಾದರೂ ಬರಲಿ” ಎನ್ನುತ್ತ ಸದ್ದಿನ ಗುಂಡಿಯನ್ನು ಕೊನೆಯವರೆಗೂ ಒತ್ತಿದರು. ಮೌನವೇ ಇನ್ನಷ್ಟು ದೊಡ್ಡದಾದದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಹಿರಿಸೊಸೆ ಡಿಶ್ ಮಾರಿದ ಅಂಗಡಿಯವನಿಗೆ ಫೋನ್ ಮಾಡಿದಳು.

“ಎದುರು ಮನೆದು ನೋಡ್ಕೊಂಡು ನಿಲ್ಲಿಸಿದ್ರಾ? ಸರಿಹೋಯ್ತು!” ಎಂದು ಅವನು ನಕ್ಕ. “ಅದು ದುಡ್ಡು ಕಟ್ಟೋರದು ಅಮ್ಮ. ಅವರ ಉಪಗ್ರಹವೇ ಬೇರೆ, ನಿಮ್ಮದೇ ಬೇರೆ. ಈಗ ಇರೋ ಜಾಗದಿಂದ ನಾಲ್ಕು ಬೆರಳು ಎಡಕ್ಕೆ ತಿರುಗಿಸಿ. ಡಿಶ್‌ನ ಎಡಕ್ಕೆ, ತಿಳೀತಾ?”

ಹೊಲಿಗೆಯವಳಿಗೆ ತಿಳಿಯದೆ ಏನು! ಎಡತೋಳು ಎಂದರೆ ಹಾಕಿಕೊಳ್ಳುವವರ ಎಡತೋಳು, ಅಳತೆ ತೆಗೆಯುವವರದಲ್ಲ. ಆದರೆ ಮೇಲೆ ಇರುವವಳು ಡಿಶ್‌ಗೆ ಎದುರು ನಿಂತಿರುತ್ತಾಳೆ. ಡಿಶ್‌ನ ಎಡ ಅವಳಿಗೆ ಬಲವಾಗುತ್ತದೆ. ಪಾಪ, ಗೊಂದಲವಾಗುವುದು ಬೇಡ ಎಂದು ತಾನೇ ಲೆಕ್ಕ ಹಾಕಿ, “ಬಲಕ್ಕೆ! ನಾಲ್ಕು ಬೆರಳು ಬಲಕ್ಕೆ!” ಎಂದು ಕೂಗಿದಳು.

ಕಿರಿಸೊಸೆಯ ಕೆಲಸವೂ ದಿನವಿಡೀ ಜನರ ಎದುರು ಕೂತು ಮಾಡುವಂಥದ್ದೇ. ಬಲಗಣ್ಣು ಎಂದರೆ ಎದುರಿಗಿರುವ ಮುಖದ ಬಲಗಣ್ಣು, ತನ್ನದಲ್ಲ. ಅವಳು ಡಿಶ್ಶಿನ ಮುಖ ನೋಡಿ, ಅದರ ಬಲ ಯಾವುದೆಂದು ಲೆಕ್ಕ ಹಾಕಿ, ಆ ಕಡೆಗೆ ನಾಲ್ಕು ಬೆರಳು ತಿರುಗಿಸಿದಳು. ಹೀಗೆ ಒಬ್ಬಳಿಗೋಸ್ಕರ ಇನ್ನೊಬ್ಬಳು ಯೋಚನೆ ಮಾಡಿದ್ದರಿಂದ, ಡಿಶ್ ಎಲ್ಲಿಗೆ ಹೋಗಬಾರದೋ ಅಲ್ಲಿಗೇ ಹೋಯಿತು.

“ಬಂತಾ?”

“ಇಲ್ಲ! ಇನ್ನೂ ಬಲಕ್ಕೆ!”

ಮೇಲೆ ಏನೋ ಟಕ್ ಎಂದಿತು. “ಅಯ್ಯೋ! ವೈರು ಕಿತ್ತುಬಂತು,” ಎಂಬ ದನಿ ಕೇಳಿತು. ಸ್ವಲ್ಪ ಹೊತ್ತಿಗೆ ಹಗ್ಗಕ್ಕೆ ಕಟ್ಟಿದ ಬುಟ್ಟಿ ಕಿಟಕಿಯ ಹೊರಗೆ ಇಳಿದು ಬಂದು ತೂಗಾಡಿತು. ಮೆಟ್ಟಿಲು ಹತ್ತುವ ಕಷ್ಟ ತಪ್ಪಲೆಂದು ಅತ್ತೆ ಎಂದೋ ಕಟ್ಟಿಸಿದ್ದ ಬುಟ್ಟಿ ಅದು. ಮಾತು ನಿಂತ ಮೇಲೆ ತರಕಾರಿ, ಬೀಗದ ಕೈ, ಕರೆಂಟ್ ಬಿಲ್ಲು ಎಲ್ಲ ಅದರಲ್ಲೇ ಹತ್ತಿ ಇಳಿಯುತ್ತಿದ್ದವು. “ತುದಿ ಕತ್ತರಿಸಿ ಮತ್ತೆ ಸಿಕ್ಕಿಸಬೇಕು. ಏನಾದ್ರೂ ಕಳಿಸಿ!”

ಹಿರಿಸೊಸೆ ಎದ್ದಳು. ಅಡುಗೆಮನೆಯಲ್ಲಿ ಚಾಕು ಇತ್ತು. ಅವಳಿಗೆ ಅದು ಗೊತ್ತೂ ಇತ್ತು. ಆದರೆ ಅವಳ ಕೈ ಹೊಲಿಗೆ ಮೇಜಿನ ಮೇಲಿದ್ದ ಕತ್ತರಿಯನ್ನು ಎತ್ತಿಕೊಂಡಿತು. ಹೋದರೆ ಹೋಗಲಿ ಇದರ ಬಾಯಿ ಎನ್ನಿಸಿತು. ಕತ್ತರಿಯನ್ನು ಬುಟ್ಟಿಯಲ್ಲಿಟ್ಟು ಹಗ್ಗ ಜಗ್ಗಿದಳು. ಅತ್ತೆ ಕುರ್ಚಿಯಲ್ಲೇ ಮುಂದಕ್ಕೆ ಬಗ್ಗಿ, ಬುಟ್ಟಿ ಕಣ್ಮರೆಯಾಗುವವರೆಗೂ ನೋಡಿದರು.

ಆಮೇಲೆ ಬುಟ್ಟಿ ಇಳಿಯಿತು. ಅದರಲ್ಲಿ ಕತ್ತರಿ ಹಾಗೆಯೇ ಇತ್ತು, ಕನ್ನಡಕ ಒರೆಸುವ ಮೆತ್ತನೆಯ ಬಟ್ಟೆಯಲ್ಲಿ ಬಾಯಿ ಸುತ್ತಿಸಿಕೊಂಡು.

“ಇದು ಬಟ್ಟೆ ಕತ್ತರಿ,” ಎಂದಿತು ಮೇಲಿನ ದನಿ. “ವೈರಿಗೆ ಹಾಕಿದ್ರೆ ಹಾಳಾಗುತ್ತೆ. ಚಾಕು ಕಳಿಸಿ.”

ಹಿರಿಸೊಸೆ ಬಟ್ಟೆ ಬಿಚ್ಚಿಕೊಂಡು ಕತ್ತರಿಯನ್ನು ಮೇಜಿನ ಮೇಲಿಟ್ಟಳು. ಆ ಮೆತ್ತನೆಯ ಬಟ್ಟೆಯನ್ನು ಹಿಡಿದುಕೊಂಡೇ ಚಾಕು ಹುಡುಕಿದಳು, ಬುಟ್ಟಿಗೆ ಹಾಕಿದಳು, ಹಗ್ಗ ಜಗ್ಗುವುದನ್ನು ಮರೆತು ನಿಂತಳು. ನಾಚಿಕೆಯಾಯಿತು, ದುಃಖವೂ ಆಯಿತು. ಇನ್ನು ಹೇಳದೆ ಇದ್ದರೆ ಈ ಜನ್ಮದಲ್ಲಿ ಹೇಳಲಾಗುವುದಿಲ್ಲ ಎಂದು ಮೆಟ್ಟಿಲ ಬುಡಕ್ಕೆ ಹೋಗಿ, “ಅವತ್ತು ನಾನು ಹಾಗೆ ಅನ್ನಬಾರದಿತ್ತು,” ಎಂದಳು.

“ಏನು? ಕೇಳಿಸಲಿಲ್ಲ!”

“ಅವತ್ತು ನಾನು ಹಾಗೆ...”

“ಗಾಳಿ ಜೋರಾಗಿದೆ, ಜೋರಾಗಿ ಹೇಳಿ!”

ಹಿರಿಸೊಸೆ ಎರಡೂ ಕೈಯನ್ನು ಬಾಯಿಯ ಸುತ್ತ ಇಟ್ಟುಕೊಂಡು, ಇದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದಳು: “ನಿನ್ನ ತಾಯಿ ಬಗ್ಗೆ ನಾನು ಹಾಗೆ ಅನ್ನಬಾರದಿತ್ತು! ತಪ್ಪಾಯ್ತು! ನನ್ನ ನಾಲಿಗೆಗೆ ಬುದ್ಧಿ ಇರಲಿಲ್ಲ!”

ಬೀದಿಯಲ್ಲಿ ಹೋಗುತ್ತಿದ್ದ ಸೈಕಲ್ಲೊಂದು ನಿಂತ ಸದ್ದಾಯಿತು. ಎದುರು ಮನೆಯ ಕಿಟಕಿ ತೆರೆಯಿತು.

“ಕೇಳಿಸ್ತು,” ಎಂದಳು ಕಿರಿಸೊಸೆ. “ಬೀದಿಗೆಲ್ಲ ಕೇಳಿಸ್ತು.” ಅವಳು ನಗುತ್ತಿದ್ದಳೋ ಮೂಗು ಒರೆಸಿಕೊಳ್ಳುತ್ತಿದ್ದಳೋ ಕೆಳಗಿನಿಂದ ಗೊತ್ತಾಗಲಿಲ್ಲ. ಆಮೇಲೆ, “ಚಾಕು ಎಲ್ಲಿ?” ಎಂದಳು.

ಚಾಕು ಹತ್ತಿತು. ವೈರಿನ ತುದಿ ಸರಿಯಾಯಿತು. ಹಿರಿಸೊಸೆ ಮತ್ತೆ ಟಿವಿಯ ಮುಂದೆ ಕೂತು, “ಬಲಕ್ಕೆ ತಿರುಗಿಸು” ಎನ್ನುವಷ್ಟರಲ್ಲಿ ಮೇಲಿನಿಂದ ಪ್ರಶ್ನೆ ಬಂತು.

“ಇಷ್ಟಕ್ಕೂ ನೀವು ಹೇಳ್ತಿರೋದು ಯಾರ ಬಲ? ನನ್ನದಾ, ಡಿಶ್‌ದಾ?”

“ನಿನ್ನದೇ! ನೀನು ಎದುರಿಗೆ ನಿಂತಿರ್ತೀಯ ಅಂತ ನಿನ್ನ ಬಲ ಹೇಳಿದೆ!”

“ಅಯ್ಯೋ ನನ್ನ ಕರ್ಮವೇ! ನಾನು ಡಿಶ್‌ದು ಅಂತ ಆ ಕಡೆಗೇ ತಿರುಗಿಸ್ತಿದ್ದೀನಿ!”

ಹಿರಿಸೊಸೆಗೆ ನಗು ತಡೆಯಲಾಗಲಿಲ್ಲ. ಮೇಲೆಯೂ ನಗು ಕೇಳಿತು; ಈ ಸಲ ಅದು ನಗುವೇ ಎಂಬುದರಲ್ಲಿ ಅನುಮಾನವಿರಲಿಲ್ಲ. “ಎಡ ಬಲ ಎರಡೂ ಬಿಡು,” ಎಂದಳು. “ನೀರಿನ ಟ್ಯಾಂಕ್ ಇದೆಯಲ್ಲ, ಅದರ ಕಡೆಗೆ ತಿರುಗಿಸು. ಮೆಲ್ಲಗೆ.”

ನಟ್ಟು ಸಡಿಲವಾಗುವ ಕಿರಕಿರ ಸದ್ದು. ಪರದೆಯ ಮೇಲಿನ ಗೆರೆ ಮೊದಲ ಸಲ ಮೈಮುರಿಯಿತು. ಹನ್ನೆರಡು. “ಏನೋ ಬಂತು! ಇನ್ನೂ ಟ್ಯಾಂಕಿನ ಕಡೆಗೆ!” ಮೂವತ್ತು. “ಹಾಗೇ, ಹಾಗೇ, ಕೂಸನ್ನ ಎತ್ತಿಕೊಂಡ ಹಾಗೆ ಮೆಲ್ಲಗೆ!” ಐವತ್ತೈದು. ಗೆರೆ ಹಸಿರಾಯಿತು. ಎಪ್ಪತ್ತೆಂಟು.

ನೀಲಿ ಬಣ್ಣ ಮಾಯವಾಗಿ, ಅಚ್ಚುಕಟ್ಟಾಗಿ ಸೀರೆಯುಟ್ಟ ಹೆಂಗಸೊಬ್ಬಳು ಪರದೆಯ ಮೇಲೆ ಮೂಡಿದಳು. ನಾಳೆ ಮೋಡ ಕವಿದ ವಾತಾವರಣವಿರುತ್ತದೆ ಎಂದು ಅವಳು ಹೇಳಿದ ಮಾತು, ಅತ್ತೆ ಒತ್ತಿಟ್ಟಿದ್ದ ಅಷ್ಟೂ ಸದ್ದಿನೊಂದಿಗೆ ಕೋಣೆ ನಡುಗುವಂತೆ ಹೊರಬಿತ್ತು. ಶೆಲ್ಫಿನ ಮೇಲಿನ ಲೋಟಗಳು ಗಿಲಗಿಲ ಎಂದವು. ಸದ್ದು ಕಿಟಕಿಯಿಂದ ಬೀದಿಗಿಳಿಯಿತು, ಮೆಟ್ಟಿಲು ಹತ್ತಿ ತಾರಸಿಗೆ ಹೋಯಿತು. ಎದುರು ಮನೆಯ ನಾಯಿ ಬೊಗಳತೊಡಗಿತು. ತಾರಸಿಯ ಮೇಲೆ ಇದ್ದವರಿಗೆ, ಕಿವಿಗೆ ಹತ್ತಿ ತುರುಕಿಕೊಂಡಿದ್ದರೂ ಅದು ಕೇಳಿಸಲೇಬೇಕು.

ಮೇಲೆ ಸ್ಪ್ಯಾನರ್ ಸದ್ದು ನಿಂತಿತು.

“ಅಕ್ಕಾ,” ಎಂದು ದನಿ ಇಳಿದು ಬಂತು. “ಬಂತಾ?”

ಹಿರಿಸೊಸೆಯ ಕಣ್ಣಲ್ಲಿ ಪರದೆಯ ಹೆಂಗಸು ಕದಡಿಹೋದಳು. ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಚಿತ್ರ ಕನ್ನಡಿಯ ಹಾಗೆ ನಿಚ್ಚಳವಾಗಿತ್ತು.

“ಇಲ್ಲ ಕಣೇ,” ಎಂದು ಕೂಗಿದಳು. “ಇನ್ನೂ ಸ್ವಲ್ಪ ಬೇಕು.”

“ಹೌದಾ? ಸರಿ ಬಿಡಿ ಅಕ್ಕ, ನನಗೇನೂ ಅವಸರ ಇಲ್ಲ. ಇಲ್ಲೇ ಕೂತಿರ್ತೀನಿ.”

“ಬಿಸಿಲಿದೆಯಾ ಅಲ್ಲಿ?”

“ಇಲ್ಲ, ಟ್ಯಾಂಕಿನ ನೆರಳಿದೆ. ಅಕ್ಕಾ, ನಿಮ್ಮ ಆ ರೇಷ್ಮೆ ಬಟ್ಟೆಯವರು ಆಮೇಲೆ ಏನಂದ್ರು?”

“ಅಯ್ಯೋ, ಅದೊಂದು ದೊಡ್ಡ ಕಥೆ! ಹೇಳ್ತೀನಿ ಇರು,” ಎನ್ನುತ್ತ ಹಿರಿಸೊಸೆ ಎದ್ದು ಹೋಗಿ ಮೊದಲನೆಯ ಮೆಟ್ಟಿಲ ಮೇಲೆ ಕೂತಳು.

ಅತ್ತೆ ಕತ್ತಿನ ಮಫ್ಲರ್ ಬಿಚ್ಚಿ ಮಡಿಲಲ್ಲಿಟ್ಟುಕೊಂಡರು. ರಿಮೋಟ್ ಎತ್ತಿಕೊಂಡು, ಪರದೆಯಿಂದ ಕಣ್ಣು ತೆಗೆಯದೆ, ಒಂದೊಂದೇ ಗೆರೆಯಾಗಿ ಸದ್ದನ್ನು ಪೂರ್ತಿ ಇಳಿಸಿದರು.