ಕಾಲು ಬಿಡುವ ಹೊತ್ತು

ಲೊರೇನ್ ಕಾರಿನೊಳಗೆ ಕೂತು ಬ್ರೇಕ್ ಪೆಡಲ್ ಒತ್ತಿ ಹಿಡಿದಿದ್ದಳು. ಗಂಡ ಡೆಲ್ಮರ್ ಹಿಂದಿನ ಬಲಚಕ್ರದ ಬಳಿ ಅಡಿಗೆ ತೂರಿ ಮಲಗಿದ್ದ. ಹಸುಗಳನ್ನು ಮಾರಿದ ಮೇಲೆ ಕೊಟ್ಟಿಗೆಯಲ್ಲಿ ಉಳಿದದ್ದು ಇಪ್ಪತ್ತೆರಡು ವರ್ಷದ ಈ ಹಸಿರು ಕಾರೊಂದೇ. ಹಿಮ ಕರಗಲೆಂದು ರಸ್ತೆಗೆ ಸುರಿಯುವ ಉಪ್ಪು ಅದರ ಬ್ರೇಕಿನ ಕೊಳವೆಯನ್ನು ತಿಂದುಹಾಕಿತ್ತು. ಡೆಲ್ಮರ್ ಹೊಸ ಕೊಳವೆ ಕೂರಿಸಿ ಮೂರು ವಾರವಾದರೂ ಪೆಡಲ್ ನಾದಿದ ಹಿಟ್ಟಿನ ಹಾಗೆ ಮೆತ್ತಗೆ ನೆಲಕ್ಕಿಳಿಯುತ್ತಿತ್ತು. ಒಳಗೆ ಗಾಳಿ ಸೇರಿದೆ ಎಂದು ಪ್ರತಿ ಭಾನುವಾರ ಇಬ್ಬರೂ ಅದನ್ನು ತೆಗೆಯಲು ಕೂರುತ್ತಿದ್ದರು. ಗ್ಯಾರೇಜಿನವನನ್ನು ಕರೆಯೋಣ ಎಂದು ಅವಳು ಹೇಳಿದರೆ, ಸುತ್ತಲಿನ ಗಾಡಿಗಳ ಬ್ರೇಕುಗಳನ್ನೆಲ್ಲ ಸರಿಮಾಡಿದವ ನಾನು ಎನ್ನುತ್ತಿದ್ದ. ಅದು ನಿಜವೇ ಆಗಿತ್ತು.

ನಾಳೆ ಬೆಳಿಗ್ಗೆ ಏಳಕ್ಕೆ ಅವಳು ಹೊಸ ಕೆಲಸಕ್ಕೆಂದು ಹದಿನಾಲ್ಕು ಮೈಲಿ ಆಚೆಯ ಶಾಲೆಯ ಅಡುಗೆಮನೆಯಲ್ಲಿರಬೇಕಿತ್ತು. ಎರಡು ಸಲ ದಿನ ಮುಂದೂಡಿಸಿಕೊಂಡಾಗಿತ್ತು. ಇನ್ನು ಕಾಯುವುದಿಲ್ಲವೆಂದು ಅಲ್ಲಿಯವರು ಹೇಳಿಬಿಟ್ಟಿದ್ದರು. ಅವಳನ್ನು ಕರೆದೊಯ್ಯಬಹುದಾಗಿದ್ದ ಪಕ್ಕದ ಮನೆಯವರು ಚಳಿಗೆ ಹೆದರಿ ಬೆಚ್ಚನೆಯ ಫ್ಲೋರಿಡಾಕ್ಕೆ ಹೋಗಿದ್ದರು. ಅಕ್ಟೋಬರಿನಲ್ಲಿ ಟ್ರಾಕ್ಟರಿನಿಂದ ಪ್ರಜ್ಞೆ ತಪ್ಪಿ ಬಿದ್ದ ಮೇಲೆ ಡೆಲ್ಮರ್ ಗಾಡಿ ಓಡಿಸುವ ಹಾಗಿರಲಿಲ್ಲ. ಅಂದಿನಿಂದ ಚಳಿಗಾಲವಿಡೀ ಇಬ್ಬರೂ ಒಂದೇ ಒಲೆಯ ಮುಂದೆ ಕೂತು ಒಂದೇ ಕಿಟಕಿ ನೋಡಿದ್ದರು.

“ಬಿಡು,” ಎಂದ ಡೆಲ್ಮರ್.

ಅವಳು ಕಾಲೆತ್ತಿದಳು. ಆಮೇಲೆ ಸ್ಪ್ಯಾನರ್ ಟಕ್ಕೆಂದಿತು.

“ಗಾಳಿ ಬರ್ತಾನೇ ಇದೆ ಮಾರಾಯ್ತಿ. ಮುದಿ ಕಾರು, ನನ್ ಹಾಗೆ.”

“ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಗತ್ತೆ. ನಿಂಗೆ ಎರಡು ಲೋಟ ಕಾಫಿ ಬೇಕು.”

ಅವನು ಕೆಳಗೇ ನಕ್ಕ. ಅವಳಿಗೆ ನಗು ಬರಲಿಲ್ಲ. ಗಾಳಿ ಬಿಡುವ ಸ್ಕ್ರೂ ಬಿಗಿಯಾದ ಆ ಟಕ್ಕೆಂಬ ಸದ್ದು ತಡವಾಗಿ ಬಂದಿತ್ತು. ಅಪ್ಪನ ಆಲೂಗಡ್ಡೆ ಲಾರಿಯಲ್ಲಿ ಚಿಕ್ಕಂದಿನಲ್ಲಿ ಅವಳು ಇದೇ ಕೆಲಸ ಮಾಡಿದವಳು. ಮೊದಲು ಕೆಳಗಿನ ಸ್ಕ್ರೂ ಬಿಗಿಯಾಗಬೇಕು, ಆಮೇಲೆ ಕಾಲು ಮೇಲೆ. ಮುಂಚೆಯೇ ಎತ್ತಿದರೆ ಕೊಳವೆ ಹೊರಗಿನ ಗಾಳಿಯನ್ನು ಒಳಕ್ಕೆ ಹೀರಿಕೊಳ್ಳುತ್ತದೆ. ನಲವತ್ತು ವರ್ಷ ಬ್ರೇಕ್ ನೋಡಿದವನು ಮರೆಯುವ ಮಾತಲ್ಲ ಅದು. ಇನ್ನೆರಡು ಸಲ ಕಿವಿಗೊಟ್ಟಳು. ಮೊದಲು “ಬಿಡು,” ಆಮೇಲೆ ಟಕ್.

ಮುಂದಿನ ಸಲ “ಬಿಡು” ಎಂದಾಗ ಅವಳು ಬಿಡಲಿಲ್ಲ.

“ಬಿಟ್ಯಾ?”

“ಇಲ್ಲ. ಮೊದ್ಲು ನೀನು ಬಿಗಿ ಮಾಡು.”

ಮಾಡಿನ ಹಿಮ ಕರಗಿ ತೊಟ್ಟಿಕ್ಕುವುದಷ್ಟೇ ಕೇಳುತ್ತಿತ್ತು. ಅವಳು ಪೆಡಲನ್ನು ಒತ್ತಿಯೇ ಹಿಡಿದಳು. ಬಹಳ ಹೊತ್ತಿನ ಮೇಲೆ ಸ್ಪ್ಯಾನರ್ ಟಕ್ಕೆಂದಿತು.

“ನೀನು ಕೆಲಸಕ್ಕೆ ಹೋಗಿ ನಾನು ಒಬ್ನೇ ಇದ್ದಾಗ ಮತ್ತೆ ಬಿದ್ರೆ?” ಎಂದು ಅವನು ಕೇಳಿದ, ಕಾರಿನ ಅಡಿಯಿಂದಲೇ.

ಅವಳು ಪೆಡಲಿನಿಂದ ಕಾಲು ತೆಗೆದಳು. ಇಳಿದು ಹೋಗಿ ಅವನ ಕೈಯಿಂದ ಸ್ಪ್ಯಾನರ್ ತೆಗೆದುಕೊಂಡಳು. ಪೆಡಲಿನ ಬಳಿ ಹೋಗಿ ಕೂರು ಎಂದಳು. ಅವನು ಕೂತ. ಅವಳು ಕಾರಿನಡಿಗೆ ಹಾಸಿದ್ದ ರಟ್ಟಿನ ಮೇಲೆ ಮಲಗಿದಳು. ತುಕ್ಕಿನ ಪುಡಿ ಕಣ್ಣಿಗೆ ಉದುರಿತು. ಒತ್ತು, ಹಿಡ್ಕೊ, ಬಿಡು ಎನ್ನುತ್ತ ಹಿಂದಿನ ಎರಡೂ ಚಕ್ರ ಮುಗಿಸಿದಳು. ಕೊನೆಗೆ ಸ್ಕ್ರೂವಿಗೆ ಸಿಕ್ಕಿಸಿ ಸೀಸೆಗೆ ಇಳಿಬಿಟ್ಟ ನಳಿಕೆಯಲ್ಲಿ ಗುಳ್ಳೆಯಿಲ್ಲದೆ ಬ್ರೇಕಿನ ಎಣ್ಣೆ ಬಂತು. ಬಿಗಿ ಮಾಡಿದಳು.

“ಬಿಡು,” ಎಂದಳು.

“ಕಲ್ಲಿನ ಹಾಗಾಗಿದೆ ಪೆಡಲ್,” ಎಂದ ಡೆಲ್ಮರ್.

ಕಾರಿನ ಹಿಂದಿನ ಬ್ರೇಕ್ ದೀಪ ಕೆಂಪಗೆ ಉರಿಯುತ್ತಲೇ ಇತ್ತು. ಅವನು ಕಾಲು ತೆಗೆದಿರಲಿಲ್ಲ.

“ಬಿಡು, ಡೆಲ್ಮರ್,” ಎಂದಳು ಅವಳು ಇನ್ನೊಮ್ಮೆ, ಮೆಲ್ಲಗೆ.